ಮಧುಮೇಹದಲ್ಲಿ ಗಾಯ ಮಾಯುವಿಕೆ ಮತ್ತು ಚರ್ಮದ ಜೀವಕೋಶಗಳು

ಚರ್ಮಕ್ಕೆ ಗಾಯವಾದಾಗ ಅದನ್ನು ಮುಚ್ಚುವ ಕೆಲಸವನ್ನು ಚರ್ಮದಲ್ಲಿಯೇ ನೆಲೆಸಿರುವ ಜೀವಕೋಶಗಳೂ ರಕ್ತದ ಮೂಲಕ ಅಲ್ಲಿಗೆ ಬಂದು ಸೇರುವ ಜೀವಕೋಶಗಳೂ ಒಟ್ಟಾಗಿ ನಿರ್ವಹಿಸುತ್ತವೆ. ಮಧುಮೇಹದಲ್ಲಿ ಈ ಜೀವಕೋಶಗಳ ನಡವಳಿಕೆ ಬದಲಾಗುತ್ತದೆ. ಆರೋಗ್ಯವಂತರಲ್ಲಿ ಕೆಲವು ವಾರಗಳಲ್ಲಿ ಮಾಯುವ ಗಾಯವು ಮಧುಮೇಹ ಇರುವವರಲ್ಲಿ ತಿಂಗಳುಗಟ್ಟಲೆ ತೆರೆದುಕೊಂಡೇ ಉಳಿದು ದೀರ್ಘಕಾಲಿಕ ಹುಣ್ಣಾಗಿ ಪರಿಣಮಿಸಬಹುದು. ಇಂತಹ ಹುಣ್ಣುಗಳು ಹೆಚ್ಚಾಗಿ ಪಾದದಲ್ಲಿ ಕಾಣಿಸಿಕೊಳ್ಳುವುದರಿಂದ ಇವನ್ನು ಮಧುಮೇಹದ ಪಾದದ ಹುಣ್ಣು ಎಂದು ಕರೆಯಲಾಗುತ್ತದೆ. ಮಾಯದ ಹುಣ್ಣಿನಲ್ಲಿ ಜೀವಕೋಶಗಳು ಇಲ್ಲವೆಂದಾಗಲಿ, ಎಲ್ಲವೂ ಸತ್ತಿವೆಯೆಂದಾಗಲಿ ಭಾವಿಸುವುದು ಸರಿಯಲ್ಲ. ಅಲ್ಲಿ ಜೀವಕೋಶಗಳು ಇರುತ್ತವೆ, ವಿಭಜನೆಯನ್ನೂ ಹೊಂದುತ್ತವೆ. ಆದರೆ ಗಾಯ ಮಾಯುವಿಕೆಯ ಒಂದು ಹಂತದಿಂದ ಮುಂದಿನ ಹಂತಕ್ಕೆ ಸಾಗಲಾರದೆ ನಿಂತುಬಿಟ್ಟಿರುತ್ತವೆ.

ಪ್ರಾಮುಖ್ಯತೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಮಧುಮೇಹ ಇರುವ ವ್ಯಕ್ತಿಗೆ ಜೀವಿತಾವಧಿಯಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗುವ ಸಂಭವವನ್ನು ಶೇಕಡ 19ರಿಂದ 34 ಎಂದು ಅಂದಾಜಿಸಲಾಗಿದೆ. ಹುಣ್ಣು ಒಮ್ಮೆ ಮಾಯ್ದ ನಂತರವೂ ಸುಮಾರು ಶೇಕಡ 40 ಮಂದಿಯಲ್ಲಿ ಒಂದು ವರ್ಷದೊಳಗೆ ಅದು ಮರುಕಳಿಸುತ್ತದೆ. ತೆರೆದ ಹುಣ್ಣಿನ ಮೂಲಕ ಸೋಂಕು ಒಳಹೊಕ್ಕು ಮೂಳೆಯನ್ನು ತಲುಪಿದರೆ ಬೆರಳು, ಪಾದ ಅಥವಾ ಕಾಲನ್ನು ಕತ್ತರಿಸಬೇಕಾದ ಸ್ಥಿತಿ ಬರಬಹುದು. ಆದುದರಿಂದ ಗಾಯವು ಏಕೆ ಮಾಯುವುದಿಲ್ಲ ಎಂಬುದನ್ನು ಜೀವಕೋಶಗಳ ಮಟ್ಟದಲ್ಲಿ ತಿಳಿಯುವುದು ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾಗಿದೆ.

ಚರ್ಮದ ರಚನೆ ಮತ್ತು ಅದರ ಜೀವಕೋಶಗಳು

ಚರ್ಮದಲ್ಲಿ ಎರಡು ಮುಖ್ಯ ಪದರಗಳಿವೆ. ಮೇಲಿನದು ಹೊರಚರ್ಮ, ಕೆಳಗಿನದು ಒಳಚರ್ಮ. ಇವೆರಡರ ಕೆಳಗೆ ಕೊಬ್ಬಿನ ಪದರವಿರುತ್ತದೆ.

ಹೊರಚರ್ಮದ ಜೀವಕೋಶಗಳಲ್ಲಿ ಸುಮಾರು ಶೇಕಡ 90ರಷ್ಟು ಕೆರಟಿನೊಸೈಟ್‌ಗಳು. ಇವು ತಳದ ಸಾಲಿನಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತಾ ಗಟ್ಟಿಯಾಗಿ, ಕೊನೆಗೆ ಸತ್ತ ಪೊರೆಯಾಗಿ ಉದುರುತ್ತವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್‌ಗಳು, ರೋಗಾಣುಗಳ ಮೇಲೆ ಕಣ್ಣಿಡುವ ಲ್ಯಾಂಗರ್‌ಹ್ಯಾನ್ಸ್ ಕೋಶಗಳು ಮತ್ತು ಸ್ಪರ್ಶಕ್ಕೆ ಸಂಬಂಧಿಸಿದ ಮರ್ಕೆಲ್ ಕೋಶಗಳು ಇದೇ ಪದರದಲ್ಲಿವೆ.

ಒಳಚರ್ಮದ ಮುಖ್ಯ ಜೀವಕೋಶ ಫೈಬ್ರೊಬ್ಲಾಸ್ಟ್. ಚರ್ಮಕ್ಕೆ ಬಲ ನೀಡುವ ಕೊಲಾಜನ್ ಎಂಬ ನಾರಿನಂತಹ ಪ್ರೊಟೀನನ್ನೂ ಕೋಶಗಳ ನಡುವಿನ ಹಂದರವನ್ನೂ ಇದು ತಯಾರಿಸುತ್ತದೆ. ರಕ್ತನಾಳಗಳ ಒಳಪದರದ ಕೋಶಗಳು, ಮ್ಯಾಕ್ರೊಫೇಜ್‌ಗಳು, ಮಾಸ್ಟ್ ಕೋಶಗಳು ಮತ್ತು ನರತಂತುಗಳು ಒಳಚರ್ಮದ ಇತರ ಭಾಗಗಳು.

ಅಂಗಾಲಿನ ಚರ್ಮಕ್ಕೆ ಒಂದು ವಿಶೇಷತೆಯಿದೆ. ದೇಹದ ಇತರ ಕಡೆ ಕೂದಲಿನ ಬುಡದಲ್ಲಿರುವ ಕಾಂಡಕೋಶಗಳು ಹೊಸ ಹೊರಚರ್ಮವನ್ನು ಒದಗಿಸಲು ನೆರವಾಗುತ್ತವೆ. ಅಂಗಾಲಿನಲ್ಲಿ ಕೂದಲೇ ಇಲ್ಲ. ಅಲ್ಲಿ ಈ ನೆರವು ಬೆವರಿನ ಗ್ರಂಥಿಗಳ ನಾಳಗಳಿಂದ ಮತ್ತು ಗಾಯದ ಅಂಚಿನಿಂದ ಮಾತ್ರ ದೊರೆಯಬೇಕು. ಹುಣ್ಣು ಆಳವಾಗಿ ಬೆವರಿನ ಗ್ರಂಥಿಗಳೂ ನಾಶವಾದರೆ ಅಂಚಿನ ಕೆರಟಿನೊಸೈಟ್‌ಗಳೇ ಹೊಸ ಹೊರಚರ್ಮದ ಏಕೈಕ ಮೂಲವಾಗಿ ಉಳಿಯುತ್ತವೆ.

ಗಾಯ ಮಾಯುವ ಸಹಜ ಹಂತಗಳು

ಗಾಯ ಮಾಯುವಿಕೆಯನ್ನು ಸಾಮಾನ್ಯವಾಗಿ ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಈ ಹಂತಗಳು ಒಂದರೊಳಗೊಂದು ಬೆರೆತೇ ನಡೆಯುತ್ತವೆ.

ರಕ್ತಸ್ರಾವ ನಿಲ್ಲುವ ಹಂತ: ಪ್ಲೇಟ್‌ಲೆಟ್‌ಗಳು ಒಟ್ಟುಗೂಡಿ ರಕ್ತ ಹೆಪ್ಪುಗಟ್ಟುತ್ತದೆ. ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಪಿಡಿಜಿಎಫ್‌ನಂತಹ ಬೆಳವಣಿಗೆಯ ಅಂಶಗಳು ಇತರ ಜೀವಕೋಶಗಳನ್ನು ಸ್ಥಳಕ್ಕೆ ಕರೆಯುತ್ತವೆ.

ಉರಿಯೂತದ ಹಂತ: ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಕೊಲ್ಲುತ್ತವೆ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೊಫೇಜ್‌ಗಳು ಪ್ರಧಾನವಾಗಿ, ಸತ್ತ ಕೋಶಗಳನ್ನು ನುಂಗಿ ಗಾಯವನ್ನು ಶುಚಿಗೊಳಿಸುತ್ತವೆ.

ವೃದ್ಧಿಯ ಹಂತ: ಫೈಬ್ರೊಬ್ಲಾಸ್ಟ್‌ಗಳು ಗಾಯದ ತಳದಲ್ಲಿ ಕೆಂಪಾದ, ಹರಳುಹರಳಾದ ಹೊಸ ಅಂಗಾಂಶವನ್ನು ಕಟ್ಟುತ್ತವೆ. ಅದರೊಳಗೆ ಹೊಸ ರಕ್ತನಾಳಗಳು ಚಿಗುರುತ್ತವೆ. ಅದರ ಮೇಲೆ ಕೆರಟಿನೊಸೈಟ್‌ಗಳು ಅಂಚಿನಿಂದ ಹರಿದು ಬಂದು ಗಾಯವನ್ನು ಮುಚ್ಚುತ್ತವೆ.

ಮರುರೂಪಣೆಯ ಹಂತ: ಮೊದಲು ಹಾಕಿದ ಮೂರನೆಯ ಬಗೆಯ ಕೊಲಾಜನ್‌ನ ಸ್ಥಾನದಲ್ಲಿ ಹೆಚ್ಚು ಗಟ್ಟಿಯಾದ ಒಂದನೆಯ ಬಗೆಯ ಕೊಲಾಜನ್ ಬರುತ್ತದೆ. ಈ ಹಂತ ಒಂದು ವರ್ಷಕ್ಕೂ ಮೀರಿ ನಡೆಯಬಹುದು. ಆದರೂ ಕಲೆಯಾದ ಜಾಗದ ಬಲ ಮೂಲ ಚರ್ಮದ ಸುಮಾರು ಶೇಕಡ 80ನ್ನು ಮೀರುವುದಿಲ್ಲ. ಮಾಯ್ದ ಹುಣ್ಣು ಮತ್ತೆ ಒಡೆಯಲು ಇದೂ ಒಂದು ಕಾರಣ.

ಮಧುಮೇಹದಲ್ಲಿ ಬದಲಾಗುವ ಪರಿಸರ

ಮಧುಮೇಹದಲ್ಲಿ ಜೀವಕೋಶಗಳು ಕೆಲಸ ಮಾಡಬೇಕಾದ ಪರಿಸರವೇ ಕೆಡುತ್ತದೆ. ಇದಕ್ಕೆ ಹಲವು ಕಾರಣಗಳಿವೆ.

ರಕ್ತದಲ್ಲಿ ದೀರ್ಘಕಾಲ ಅಧಿಕವಾಗಿರುವ ಗ್ಲುಕೋಸ್ ಪ್ರೊಟೀನುಗಳಿಗೆ ಅಂಟಿಕೊಂಡು ಸಕ್ಕರೆಗಟ್ಟಿದ ಅಂತ್ಯೋತ್ಪನ್ನಗಳನ್ನು ಉಂಟುಮಾಡುತ್ತದೆ. ಕೊಲಾಜನ್‌ನಂತಹ ದೀರ್ಘಾಯುಷ್ಯದ ಪ್ರೊಟೀನುಗಳಲ್ಲಿ ಇವು ಶೇಖರವಾಗಿ ಅಂಗಾಂಶವನ್ನು ಬಿರುಸಾಗಿಸುತ್ತವೆ. ಜೀವಕೋಶಗಳ ಮೇಲಿನ ಗ್ರಾಹಕಗಳಿಗೆ ತಗುಲಿ ಉರಿಯೂತವನ್ನೂ ಪ್ರಚೋದಿಸುತ್ತವೆ.

ನರಗಳು ಹಾನಿಗೊಂಡು ಪಾದವು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತದೆ. ಚಪ್ಪಲಿಯೊಳಗಿನ ಕಲ್ಲು ಅಥವಾ ಬಿಸಿಲಿಗೆ ಕಾದ ಕಲ್ಲುಹಾಸು ನೋವನ್ನುಂಟುಮಾಡದೇ ಗಾಯ ಮಾಡುತ್ತದೆ. ನೋವಿಲ್ಲದ ಕಾರಣ ವ್ಯಕ್ತಿ ಗಾಯದ ಮೇಲೆಯೇ ನಡೆಯುತ್ತಾನೆ. ನರತಂತುಗಳು ಬಿಡುಗಡೆ ಮಾಡುವ ಕೆಲವು ರಾಸಾಯನಿಕಗಳು ಗಾಯ ಮಾಯಲು ಸಹಕಾರಿಯಾಗಿದ್ದು, ಅವುಗಳ ಪ್ರಮಾಣವೂ ತಗ್ಗುತ್ತದೆ.

ಕಾಲಿನ ಅಪಧಮನಿಗಳು ಕಿರಿದಾಗಿ ರಕ್ತಪೂರೈಕೆ ಕಡಿಮೆಯಾಗುತ್ತದೆ. ಆಮ್ಲಜನಕದ ಕೊರತೆಯುಂಟಾದಾಗ ಎಚ್‌ಐಎಫ್-1 ಎಂಬ ಪ್ರೊಟೀನು ಸಕ್ರಿಯವಾಗಿ ಹೊಸ ರಕ್ತನಾಳಗಳನ್ನು ಬೆಳೆಸುವ ವಂಶವಾಹಿಗಳನ್ನು ಚಾಲನೆಗೊಳಿಸಬೇಕು. ಅಧಿಕ ಗ್ಲುಕೋಸ್ ಈ ಪ್ರೊಟೀನಿನ ಸ್ಥಿರತೆಯನ್ನೂ ಕಾರ್ಯವನ್ನೂ ಕುಂದಿಸುತ್ತದೆ. ಹೀಗಾಗಿ ಕೊರತೆ ಇದ್ದರೂ ಅದಕ್ಕೆ ತಕ್ಕ ಪ್ರತಿಕ್ರಿಯೆ ಹೊಮ್ಮುವುದಿಲ್ಲ.

ಕೆರಟಿನೊಸೈಟ್‌ಗಳ ಪಾತ್ರ

ಸಹಜ ಗಾಯದಲ್ಲಿ ಅಂಚಿನ ಕೆರಟಿನೊಸೈಟ್‌ಗಳು ಕೆಲವೇ ಗಂಟೆಗಳಲ್ಲಿ ಎಚ್ಚೆತ್ತುಕೊಳ್ಳುತ್ತವೆ. ಪಕ್ಕದ ಕೋಶಗಳೊಂದಿಗೂ ತಳದ ಪೊರೆಯೊಂದಿಗೂ ತಮಗಿರುವ ಬಿಗಿಯಾದ ಹಿಡಿತವನ್ನು ಸಡಿಲಿಸುತ್ತವೆ. ಒಳಗಿನ ನಾರಿನ ರಚನೆಯನ್ನು ಬದಲಿಸಿಕೊಂಡು ಚಪ್ಪಟೆಯಾಗಿ ಹಕ್ಕಳೆಯ ಕೆಳಗೆ ತೆವಳುತ್ತಾ ಮುಂದುವರಿಯುತ್ತವೆ. ಅವುಗಳ ಹಿಂದಿನ ಸಾಲಿನ ಕೋಶಗಳು ವಿಭಜನೆಯಾಗಿ ಮುಂದಿನವುಗಳಿಗೆ ಬೆಂಬಲ ಒದಗಿಸುತ್ತವೆ. ಎರಡು ಅಂಚುಗಳೂ ಸಂಧಿಸಿದಾಗ ಚಲನೆ ನಿಂತು ಪದರಗಳು ಮತ್ತೆ ಕಟ್ಟಿಕೊಳ್ಳುತ್ತವೆ.

ಮಧುಮೇಹದ ಹುಣ್ಣಿನ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊರಚರ್ಮವು ತೆಳುವಾಗಿರದೆ ದಪ್ಪವಾಗಿರುವುದು ಕಂಡುಬರುತ್ತದೆ. ಅಲ್ಲಿ ಕೆರಟಿನೊಸೈಟ್‌ಗಳು ಅತಿಯಾಗಿ ವಿಭಜನೆಯಾಗುತ್ತಿರುತ್ತವೆ, ಆದರೆ ಗಾಯದ ಒಳಕ್ಕೆ ಸರಿಯುವುದಿಲ್ಲ. ದೀರ್ಘಕಾಲಿಕ ಹುಣ್ಣುಗಳ ಅಂಚಿನ ಕೋಶಗಳಲ್ಲಿ ಬೀಟಾ-ಕೆಟೆನಿನ್ ಎಂಬ ಪ್ರೊಟೀನು ಕೋಶಕೇಂದ್ರವನ್ನು ಸೇರಿ ಸಿ-ಮಿಕ್ ಎಂಬ ವಂಶವಾಹಿಯನ್ನು ಹೆಚ್ಚಿಸುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇವು ಕೆರಟಿನೊಸೈಟ್‌ಗಳ ಚಲನೆಯನ್ನು ತಡೆಯುತ್ತವೆ.

ಕೋಶದಿಂದ ಕೋಶಕ್ಕೆ ಸಂದೇಶ ಸಾಗಿಸುವ ಸೂಕ್ಷ್ಮ ದ್ವಾರಗಳ ಪ್ರೊಟೀನಾದ ಕನೆಕ್ಸಿನ್-43 ಸಹ ಇಲ್ಲಿ ಗಮನಾರ್ಹ. ಸಹಜ ಗಾಯದಲ್ಲಿ ಅಂಚಿನ ಕೋಶಗಳು ಚಲಿಸುವ ಮೊದಲು ಇದರ ಪ್ರಮಾಣ ಇಳಿಯುತ್ತದೆ. ಮಧುಮೇಹವಿರುವ ಇಲಿಗಳ ಗಾಯದ ಅಂಚಿನಲ್ಲಿ ಅದು ಇಳಿಯುವ ಬದಲು ಏರುತ್ತದೆ. ಅದನ್ನು ಕೃತಕವಾಗಿ ತಗ್ಗಿಸಿದಾಗ ಹೊರಚರ್ಮದ ಮುನ್ನಡೆ ಮತ್ತೆ ಸಹಜ ವೇಗಕ್ಕೆ ಹತ್ತಿರವಾಗುತ್ತದೆ. ಜೀವಕೋಶಗಳ ಈ ಸ್ಥಗಿತ ಸ್ಥಿತಿಯನ್ನು ಹಿಮ್ಮೆಟ್ಟಿಸಬಹುದು ಎಂಬುದಕ್ಕೆ ಇದು ಒಂದು ನಿದರ್ಶನ.

ಫೈಬ್ರೊಬ್ಲಾಸ್ಟ್‌ಗಳ ಪಾತ್ರ

ಕೆರಟಿನೊಸೈಟ್‌ಗಳು ಮುಂದುವರಿಯಬೇಕಾದರೆ ಅವುಗಳ ಕೆಳಗೆ ಆರೋಗ್ಯಕರ ತಳವಿರಬೇಕು. ಆ ತಳವನ್ನು ಕಟ್ಟುವುದು ಫೈಬ್ರೊಬ್ಲಾಸ್ಟ್‌ಗಳು. ಅವುಗಳಲ್ಲಿ ಕೆಲವು ಮಯೊಫೈಬ್ರೊಬ್ಲಾಸ್ಟ್‌ಗಳಾಗಿ ಮಾರ್ಪಟ್ಟು, ಸ್ನಾಯುವಿನಂತೆ ಸಂಕುಚಿಸಿ ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆ.

ಮಧುಮೇಹವಿರುವ ಇಲಿಗಳಿಂದ ತೆಗೆದ ಫೈಬ್ರೊಬ್ಲಾಸ್ಟ್‌ಗಳು ಸಹಜ ಕೋಶಗಳಿಗಿಂತ ಬಹಳ ನಿಧಾನವಾಗಿ ಚಲಿಸುತ್ತವೆ. ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಅಂಶವನ್ನು ಕಡಿಮೆ ಪ್ರಮಾಣದಲ್ಲಿ ಸ್ರವಿಸುತ್ತವೆ. ಆಮ್ಲಜನಕದ ಕೊರತೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಮನುಷ್ಯರ ದೀರ್ಘಕಾಲಿಕ ಹುಣ್ಣುಗಳಲ್ಲಿ ವಿಭಜನೆಯನ್ನು ಶಾಶ್ವತವಾಗಿ ನಿಲ್ಲಿಸಿದ ವೃದ್ಧ ಕೋಶಗಳು ಹೆಚ್ಚಾಗಿದ್ದು, ಅವು ಬೆಳವಣಿಗೆಯ ಅಂಶಗಳಿಗೆ ಅಷ್ಟಾಗಿ ಪ್ರತಿಕ್ರಿಯಿಸುವುದಿಲ್ಲ.

ಮಧುಮೇಹಿಗಳ ಫೈಬ್ರೊಬ್ಲಾಸ್ಟ್‌ಗಳನ್ನು ಪ್ರಯೋಗಾಲಯದಲ್ಲಿ ಸಹಜ ಗ್ಲುಕೋಸ್ ಮಟ್ಟದಲ್ಲಿ ಬೆಳೆಸಿದಾಗಲೂ ಹಲವು ದೋಷಗಳು ಉಳಿದುಕೊಳ್ಳುತ್ತವೆ. ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳಲ್ಲಿ ಉಂಟಾದ ಬದಲಾವಣೆಗಳು ಹಳೆಯ ಸ್ಥಿತಿಯನ್ನು ಉಳಿಸಿಕೊಳ್ಳುವುದು ಇದಕ್ಕೆ ಒಂದು ಕಾರಣ. ಇದನ್ನು ಚಯಾಪಚಯದ ನೆನಪು ಎಂದು ಕರೆಯುತ್ತಾರೆ. ಹುಣ್ಣಾದ ನಂತರ ಸಕ್ಕರೆಯನ್ನು ಹತೋಟಿಗೆ ತರುವುದು ಅಗತ್ಯವಾದರೂ ಅದೊಂದೇ ಸಾಲದಿರುವುದಕ್ಕೆ ಇದು ವಿವರಣೆ ಒದಗಿಸುತ್ತದೆ.

ರಕ್ಷಣಾ ಕೋಶಗಳ ಪಾತ್ರ

ಮ್ಯಾಕ್ರೊಫೇಜ್‌ಗಳು ಮೊದಲು ಉರಿಯೂತವನ್ನು ಹೆಚ್ಚಿಸುವ ಸ್ವರೂಪದಲ್ಲಿದ್ದು, ನಂತರ ಅಂಗಾಂಶವನ್ನು ದುರಸ್ತಿ ಮಾಡುವ ಸ್ವರೂಪಕ್ಕೆ ಬದಲಾಗುತ್ತವೆ. ಮಧುಮೇಹದಲ್ಲಿ ಈ ಬದಲಾವಣೆ ತಡವಾಗುತ್ತದೆ. ಅದರ ಪರಿಣಾಮವಾಗಿ ಕೊಲಾಜನ್ ಮುಂತಾದವನ್ನು ಕತ್ತರಿಸುವ ಎಂಎಂಪಿ ಗುಂಪಿನ ಕಿಣ್ವಗಳು, ಅದರಲ್ಲೂ ಎಂಎಂಪಿ-9, ಅಧಿಕವಾಗಿ ಉಳಿಯುತ್ತವೆ. ಅವನ್ನು ನಿಯಂತ್ರಿಸುವ ಪ್ರೊಟೀನುಗಳು ಕಡಿಮೆಯಾಗುತ್ತವೆ. ಫೈಬ್ರೊಬ್ಲಾಸ್ಟ್‌ಗಳು ಕಟ್ಟಿದ್ದನ್ನು ಕಿಣ್ವಗಳು ಕೆಡವುತ್ತಾ ಹೋಗುತ್ತವೆ.

ನ್ಯೂಟ್ರೊಫಿಲ್‌ಗಳು ರೋಗಾಣುಗಳನ್ನು ಹಿಡಿಯಲು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಚೆಲ್ಲುತ್ತವೆ. ಮಧುಮೇಹದಲ್ಲಿ ಈ ಬಲೆಗಳು ಸುಲಭವಾಗಿ ಮತ್ತು ಅತಿಯಾಗಿ ರೂಪುಗೊಂಡು ಗಾಯ ಮಾಯುವುದನ್ನು ನಿಧಾನಗೊಳಿಸುತ್ತವೆ ಎಂದು 2015ರ ಸಂಶೋಧನೆಯೊಂದು ತಿಳಿಸಿತು. ಹೊರಚರ್ಮದ ಲ್ಯಾಂಗರ್‌ಹ್ಯಾನ್ಸ್ ಕೋಶಗಳ ಸಂಖ್ಯೆ ಮಾಯುವ ಹುಣ್ಣುಗಳಲ್ಲಿ ಹೆಚ್ಚಾಗಿರುವುದೂ ವರದಿಯಾಗಿದೆ.

ಉರಿಯೂತ ಹೆಚ್ಚಾದುದೇ ಗಾಯ ಮಾಯದಿರಲು ಕಾರಣ ಎಂಬ ಸರಳ ವಿವರಣೆ ಈಗ ಸಾಕಾಗುವುದಿಲ್ಲ. ಮಧುಮೇಹದ ಪಾದದ ಹುಣ್ಣುಗಳನ್ನು ಚರ್ಮದ ಮತ್ತು ಬಾಯಿಯ ಹೊಸ ಗಾಯಗಳೊಂದಿಗೆ ಹೋಲಿಸಿದ 2020ರ ಅಧ್ಯಯನದಲ್ಲಿ, ಹುಣ್ಣಿಗೆ ನ್ಯೂಟ್ರೊಫಿಲ್ ಮತ್ತು ಮ್ಯಾಕ್ರೊಫೇಜ್‌ಗಳು ಸಾಕಷ್ಟು ಬಂದು ಸೇರುವುದೇ ಇಲ್ಲವೆಂದು ಕಂಡುಬಂತು. ಅಂದರೆ ಹುಣ್ಣಿನಲ್ಲಿ ಉರಿಯೂತ ಬಹುಕಾಲ ಉಳಿದರೂ ಅದು ಸೋಂಕನ್ನು ಅಡಗಿಸಿ ಮುಂದಿನ ಹಂತಕ್ಕೆ ದಾರಿ ಮಾಡಿಕೊಡುವಷ್ಟು ಪರಿಣಾಮಕಾರಿಯಾಗಿರುವುದಿಲ್ಲ.

ರಕ್ತನಾಳಗಳ ಕೋಶಗಳ ಪಾತ್ರ

ಹೊಸ ಅಂಗಾಂಶಕ್ಕೆ ಆಮ್ಲಜನಕ ಮತ್ತು ಪೋಷಕಾಂಶ ತಲುಪಿಸಲು ಲೋಮನಾಳಗಳು ಬೆಳೆಯಬೇಕು. ಮಧುಮೇಹದಲ್ಲಿ ರಕ್ತನಾಳಗಳ ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡನ್ನು ಸಾಕಷ್ಟು ಉತ್ಪಾದಿಸುವುದಿಲ್ಲ. ಅಸ್ಥಿಮಜ್ಜೆಯಿಂದ ಹೊರಟು ರಕ್ತನಾಳಗಳ ರಚನೆಗೆ ನೆರವಾಗುವ ಪೂರ್ವಜ ಕೋಶಗಳೂ ಕಡಿಮೆ ಸಂಖ್ಯೆಯಲ್ಲಿ ಬರುತ್ತವೆ. ಫೈಬ್ರೊಬ್ಲಾಸ್ಟ್ ಮತ್ತು ಕೆರಟಿನೊಸೈಟ್‌ಗಳಿಂದ ವಿಇಜಿಎಫ್ ಸಂದೇಶವೂ ದುರ್ಬಲವಾಗಿರುವುದರಿಂದ ಗಾಯದ ತಳ ಮಾಸಲಾಗಿ ಉಳಿಯುತ್ತದೆ.

ಮಾಯುವ ಮತ್ತು ಮಾಯದ ಹುಣ್ಣುಗಳ ಹೋಲಿಕೆ

ಒಂದೇ ಬಗೆಯ ಚಿಕಿತ್ಸೆ ದೊರೆತರೂ ಕೆಲವರ ಹುಣ್ಣು ಮಾಯುತ್ತದೆ, ಕೆಲವರದು ಮಾಯುವುದಿಲ್ಲ. ಒಂದೊಂದು ಜೀವಕೋಶದಲ್ಲೂ ಯಾವ ವಂಶವಾಹಿಗಳು ಸಕ್ರಿಯವಾಗಿವೆ ಎಂಬುದನ್ನು ಪ್ರತ್ಯೇಕವಾಗಿ ಅಳೆಯುವ ತಂತ್ರಜ್ಞಾನದಿಂದ ಈ ವ್ಯತ್ಯಾಸವನ್ನು ಪರಿಶೀಲಿಸಲು ಸಾಧ್ಯವಾಗಿದೆ. ಅಮೆರಿಕದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾದ, ಮುಂಗೈ ಮತ್ತು ರಕ್ತದಿಂದ ಪಡೆದ 1,74,962 ಜೀವಕೋಶಗಳನ್ನು ವಿಶ್ಲೇಷಿಸಲಾಯಿತು. ಹನ್ನೆರಡು ವಾರಗಳೊಳಗೆ ಹುಣ್ಣು ಮಾಯ್ದವರನ್ನೂ ಮಾಯದವರನ್ನೂ ಹೋಲಿಸಲಾಯಿತು.

ಮಾಯ್ದವರ ಹುಣ್ಣಿನಲ್ಲಿ ಒಂದು ವಿಶಿಷ್ಟ ಬಗೆಯ ಫೈಬ್ರೊಬ್ಲಾಸ್ಟ್‌ಗಳು ಹೆಚ್ಚಾಗಿದ್ದವು. ಇವುಗಳಲ್ಲಿ ಎಂಎಂಪಿ-1, ಎಂಎಂಪಿ-3 ಮತ್ತು ಎಚ್‌ಐಎಫ್-1ಕ್ಕೆ ಸಂಬಂಧಿಸಿದ ವಂಶವಾಹಿಗಳು ಹೆಚ್ಚು ಸಕ್ರಿಯವಾಗಿದ್ದವು. ಇವು ಗಾಯದ ಅಂಚಿಗಿಂತ ಗಾಯದ ತಳದಲ್ಲಿ ನೆಲೆಸಿದ್ದವು. ಉರಿಯೂತವನ್ನು ಹೆಚ್ಚಿಸುವ ಸ್ವರೂಪದ ಮ್ಯಾಕ್ರೊಫೇಜ್‌ಗಳೂ ಮಾಯ್ದವರಲ್ಲಿಯೇ ಅಧಿಕವಾಗಿದ್ದವು.

ಈ ಫಲಿತಾಂಶ ಎರಡು ಹಳೆಯ ಅಭಿಪ್ರಾಯಗಳನ್ನು ತಿದ್ದುತ್ತದೆ. ಅಂಗಾಂಶವನ್ನು ಕತ್ತರಿಸುವ ಕಿಣ್ವಗಳೆಲ್ಲವೂ ಹಾನಿಕರವಲ್ಲ. ಹಳೆಯ ಹಂದರವನ್ನು ತೆಗೆದು ಹೊಸದಕ್ಕೆ ಜಾಗ ಮಾಡಲು ಅವುಗಳಲ್ಲಿ ಕೆಲವು ಬೇಕು. ಹಾಗೆಯೇ ಉರಿಯೂತವೂ ಸರಿಯಾದ ಸಮಯದಲ್ಲಿ ಅಗತ್ಯ. ಯಾವ ಕೋಶ, ಎಲ್ಲಿ, ಯಾವಾಗ ಕೆಲಸ ಮಾಡುತ್ತದೆ ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ.

ಚಿಕಿತ್ಸೆಯೊಂದಿಗಿನ ಸಂಬಂಧ

ಹುಣ್ಣನ್ನು ಕೆರೆದು ಶುಚಿಗೊಳಿಸುವುದು: ಸತ್ತ ಅಂಗಾಂಶವನ್ನೂ ಜಡ್ಡುಗಟ್ಟಿದ ಅಂಚನ್ನೂ ಶಸ್ತ್ರದಿಂದ ತೆಗೆಯುವುದು ಚಿಕಿತ್ಸೆಯ ಮೂಲಭೂತ ಭಾಗ. ಇದು ರೋಗಾಣುಗಳನ್ನು ಕಡಿಮೆ ಮಾಡುವುದಲ್ಲದೆ, ಸ್ಥಗಿತಗೊಂಡ ಕೆರಟಿನೊಸೈಟ್‌ಗಳನ್ನು ತೆಗೆದು, ಸ್ಪಂದಿಸಬಲ್ಲ ಕೋಶಗಳಿರುವ ಹೊಸ ಅಂಚನ್ನು ಒದಗಿಸುತ್ತದೆ.

ಒತ್ತಡವನ್ನು ತಪ್ಪಿಸುವುದು: ಪ್ರತಿ ಹೆಜ್ಜೆಯೂ ಹೊಸ ಅಂಗಾಂಶವನ್ನು ಜಜ್ಜುತ್ತಿದ್ದರೆ ಯಾವ ಜೀವಕೋಶವೂ ಗಾಯವನ್ನು ಮುಚ್ಚಲಾರದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಸ್ಪರ್ಶಜ್ಞಾನವಿಲ್ಲದ ಪಾದದ ಹುಣ್ಣುಗಳಿಗೆ ಮರುಮರುಕಳಿಸುವ ಒತ್ತಡವೇ ಮುಖ್ಯ ಕಾರಣವೆಂದು ತೋರಿಸಿದರು. ಪಾದಕ್ಕೆ ಅಂಟಿಕೊಂಡಂತೆ ಪ್ಲಾಸ್ಟರ್ ಕಟ್ಟಿ ಭಾರವನ್ನು ಹಂಚುವ ವಿಧಾನವನ್ನು ಅವರು ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ಮಧುಮೇಹಿಗಳಿಗೂ ಬಳಸಿದರು. 2001ರ ಒಂದು ಪ್ರಯೋಗದಲ್ಲಿ ಇಂತಹ ಪ್ಲಾಸ್ಟರ್ ಧರಿಸಿದವರಲ್ಲಿ ಸುಮಾರು ಶೇಕಡ 90 ಮಂದಿಯ ಹುಣ್ಣು ಹನ್ನೆರಡು ವಾರಗಳಲ್ಲಿ ಮಾಯಿತು. ಬಿಚ್ಚಿಡಬಹುದಾದ ಸಾಧನ ಬಳಸಿದವರಲ್ಲಿ ಈ ಪ್ರಮಾಣ ಶೇಕಡ 65 ಆಗಿತ್ತು. ದುರ್ಬಲಗೊಂಡ ಜೀವಕೋಶಗಳು ಸಹ ಅವಕಾಶ ದೊರೆತರೆ ಕೆಲಸ ಮಾಡಬಲ್ಲವು ಎಂಬುದಕ್ಕೆ ಇದು ಪ್ರಬಲ ಆಧಾರ.

ರಕ್ತಪೂರೈಕೆಯ ಮರುಸ್ಥಾಪನೆ: ಅಪಧಮನಿ ಕಟ್ಟಿಕೊಂಡಿದ್ದರೆ ಬಲೂನಿನಿಂದ ಹಿಗ್ಗಿಸುವ ಅಥವಾ ಬೈಪಾಸ್ ಮಾಡುವ ಚಿಕಿತ್ಸೆ ಬೇಕಾಗಬಹುದು.

ಬೆಳವಣಿಗೆಯ ಅಂಶಗಳು: ಪಿಡಿಜಿಎಫ್ ಹೊಂದಿರುವ ಬೆಕಾಪ್ಲರ್ಮಿನ್ ಎಂಬ ಲೇಪಕ್ಕೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು. ಕಿಣ್ವಗಳು ತುಂಬಿರುವ ಹುಣ್ಣಿನಲ್ಲಿ ಇಂತಹ ಪ್ರೊಟೀನುಗಳು ಬೇಗನೆ ಒಡೆದುಹೋಗುವುದರಿಂದ ಇವುಗಳ ಪರಿಣಾಮ ಸೀಮಿತ. ಎಂಎಂಪಿ ಕಿಣ್ವಗಳನ್ನು ತಡೆಯುವ ಸುಕ್ರೋಸ್ ಆಕ್ಟಾಸಲ್ಫೇಟ್ ಪಟ್ಟಿಯನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಪ್ಪತ್ತು ವಾರಗಳ ನಂತರ ಶೇಕಡ 48 ಮಂದಿಯ ಹುಣ್ಣು ಮುಚ್ಚಿತ್ತು. ಸಾಮಾನ್ಯ ಪಟ್ಟಿ ಬಳಸಿದವರಲ್ಲಿ ಇದು ಶೇಕಡ 30 ಆಗಿತ್ತು.

ಜೀವಂತ ಕೋಶಗಳ ಚರ್ಮ: ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ 1975ರಲ್ಲಿ ಮಾನವ ಕೆರಟಿನೊಸೈಟ್‌ಗಳನ್ನು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವ ವಿಧಾನವನ್ನು ವಿವರಿಸಿದರು. ಕೆರಟಿನೊಸೈಟ್ ಮತ್ತು ಫೈಬ್ರೊಬ್ಲಾಸ್ಟ್‌ಗಳ ಎರಡೂ ಪದರಗಳಿರುವ ಆಪ್ಲಿಗ್ರಾಫ್ ಎಂಬ ಉತ್ಪನ್ನವನ್ನು ಮಧುಮೇಹದ ಪಾದದ ಹುಣ್ಣಿಗೆ ಬಳಸಲು ಅಮೆರಿಕವು 2000ದಲ್ಲಿ ಅನುಮತಿಸಿತು. ಇದನ್ನು ಪರೀಕ್ಷಿಸಿದ ಪ್ರಯೋಗದಲ್ಲಿ ಹನ್ನೆರಡು ವಾರಗಳಲ್ಲಿ ಶೇಕಡ 56 ಮಂದಿಯ ಹುಣ್ಣು ಮಾಯಿತು, ಹೋಲಿಕೆಯ ಗುಂಪಿನಲ್ಲಿ ಶೇಕಡ 38. ಹೊರಗಿನಿಂದ ಇಟ್ಟ ಈ ಕೋಶಗಳು ಶಾಶ್ವತವಾಗಿ ಉಳಿಯುವುದಿಲ್ಲ. ಅವು ಸ್ರವಿಸುವ ಬೆಳವಣಿಗೆಯ ಅಂಶಗಳು ರೋಗಿಯದೇ ಕೋಶಗಳನ್ನು ಪ್ರಚೋದಿಸುತ್ತವೆ.

ಸಂಶೋಧನೆಯ ಮಿತಿಗಳು

ಈ ವಿಷಯದ ಬಹುಪಾಲು ತಿಳಿವಳಿಕೆ ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದಿದೆ. ಇಲಿಗಳ ಚರ್ಮದ ಕೆಳಗೆ ತೆಳುವಾದ ಸ್ನಾಯುಪದರವಿದ್ದು, ಅವುಗಳ ಗಾಯ ಮುಖ್ಯವಾಗಿ ಸಂಕೋಚನದಿಂದ ಮುಚ್ಚುತ್ತದೆ. ಮನುಷ್ಯರಲ್ಲಿ ಹೊಸ ಅಂಗಾಂಶ ತುಂಬಿ ಹೊರಚರ್ಮ ಹರಡುವುದು ಹೆಚ್ಚು ಮುಖ್ಯ. ಅಲ್ಲದೆ ಇಲಿಗಳಲ್ಲಿ ಮಾಡುವ ಗಾಯ ಹೊಸದು ಮತ್ತು ಶುಚಿಯಾದುದು. ರೋಗಿಯ ಹುಣ್ಣು ಹಳೆಯದಾಗಿದ್ದು ಒತ್ತಡ, ಸೋಂಕು, ರಕ್ತಪೂರೈಕೆಯ ಕೊರತೆ ಎಲ್ಲವನ್ನೂ ಒಳಗೊಂಡಿರುತ್ತದೆ. ಇಲಿಗಳಲ್ಲಿ ಯಶಸ್ವಿಯಾದ ಹಲವು ಔಷಧಿಗಳು ಮನುಷ್ಯರಲ್ಲಿ ಅದೇ ಫಲ ನೀಡದಿರಲು ಇದೂ ಒಂದು ಕಾರಣ.

ಮುನ್ನೆಚ್ಚರಿಕೆ

ಹುಣ್ಣಿನ ವಿಸ್ತಾರ ನಾಲ್ಕು ವಾರಗಳಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಅದೇ ಚಿಕಿತ್ಸೆಯಿಂದ ಹನ್ನೆರಡು ವಾರಗಳಲ್ಲಿ ಮಾಯುವ ಸಂಭವ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ. ಅಂತಹ ಸಂದರ್ಭದಲ್ಲಿ ಕಾಯುವುದಕ್ಕಿಂತ ಚಿಕಿತ್ಸೆಯನ್ನು ಮರುಪರಿಶೀಲಿಸುವುದು ಉಚಿತ. ಮಧುಮೇಹ ಇರುವವರು ಪ್ರತಿದಿನ ಪಾದಗಳನ್ನೂ ಬೆರಳುಗಳ ಸಂದುಗಳನ್ನೂ ಪರೀಕ್ಷಿಸಿಕೊಳ್ಳಬೇಕು. ಬರಿಗಾಲಿನಲ್ಲಿ ನಡೆಯಬಾರದು. ಚಪ್ಪಲಿ ಅಥವಾ ಬೂಟು ಹಾಕಿಕೊಳ್ಳುವ ಮೊದಲು ಅದರೊಳಗೆ ಕೈಯಾಡಿಸಿ ನೋಡಬೇಕು. ಆಣಿ ಮತ್ತು ಜಡ್ಡುಗಟ್ಟಿದ ಚರ್ಮವನ್ನು ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಬಾರದು. ಧೂಮಪಾನವು ರಕ್ತಪೂರೈಕೆಯನ್ನು ಇನ್ನಷ್ಟು ಕುಗ್ಗಿಸುವುದರಿಂದ ಅದನ್ನು ತ್ಯಜಿಸಬೇಕು. ನೋವಿಲ್ಲ ಎಂಬುದು ಗಾಯ ಚಿಕ್ಕದು ಎಂಬುದರ ಸೂಚನೆಯಲ್ಲ. ಸ್ಪರ್ಶಜ್ಞಾನ ಕಳೆದುಕೊಂಡ ಪಾದದಲ್ಲಿ ಮೂಳೆಯವರೆಗೆ ಇಳಿದ ಹುಣ್ಣೂ ನೋಯದಿರಬಹುದು. ಆದುದರಿಂದ ಪಾದದಲ್ಲಿ ಗುಳ್ಳೆ, ಬಿರುಕು, ಬಣ್ಣದ ಬದಲಾವಣೆ ಅಥವಾ ಕೀವು ಕಂಡ ಕೂಡಲೇ ವೈದ್ಯರನ್ನು ಕಾಣುವುದು ಅಗತ್ಯ.